ಹೂರಣ ತುಂಬಿದ ತೋಫುವಿನ ಸಾರು: ಉಷ್ಣವಿಜ್ಞಾನದ ಒಂದು ಪಾಠ

ಹಾಲು ಉಕ್ಕಿತೆಂದರೆ ಕಾಯಿತೆಂದು ತಿಳಿದು ಒಲೆಯನ್ನು ಆರಿಸುವುದು ನಮ್ಮ ಮನೆಗಳ ರೂಢಿ. ಹಸುವಿನ ಅಥವಾ ಎಮ್ಮೆಯ ಹಾಲಿಗೆ ಈ ರೂಢಿ ತಕ್ಕುದೇ ಆಗಿದೆ. ಆದರೆ ಸೋಯಾ ಅವರೆಯಿಂದ ತೆಗೆದ ಹಾಲಿನ ವಿಷಯದಲ್ಲಿ ಇದೇ ಗುರುತನ್ನು ನಂಬಿದವರು ವಾಕರಿಕೆ, ವಾಂತಿ, ಹೊಟ್ಟೆನೋವುಗಳಿಗೆ ಗುರಿಯಾಗಬಹುದು. ಈಚೆಗೆ ತೋಫುವೆಂಬ ಪದಾರ್ಥವು ಬಳ್ಳಾರಿಯಂತಹ ಊರುಗಳ ಅಂಗಡಿಗಳಿಗೂ ಬಂದಿದೆ. ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಉತ್ಸಾಹವೂ ಕೆಲವರಲ್ಲಿ ಕಂಡುಬರುತ್ತಿದೆ. ಉತ್ಸಾಹವು ಒಳ್ಳೆಯದೇ, ಆದರೆ ಅದರೊಡನೆ ಉಕ್ಕುವುದಕ್ಕೂ ಕುದಿಯುವುದಕ್ಕೂ ಇರುವ ಭೇದದ ಅರಿವೂ ಇರಬೇಕು. ಆದುದರಿಂದ ತೋಫುವನ್ನು ಸಿದ್ಧಪಡಿಸಿ, ಅದರಲ್ಲಿ ತರಕಾರಿಯ ಹೂರಣವನ್ನು ತುಂಬಿ, ಸಾರಿನಲ್ಲಿ ಬೇಯಿಸುವ ಕ್ರಮವನ್ನು ಅದರ ಕಾರಣಗಳೊಡನೆ ಇಲ್ಲಿ ವಿವರಿಸುವೆವು.

ಸೋಯಾ ಅವರೆಯ ಹಾಲನ್ನು ಒಡೆಸಿ, ನೀರನ್ನು ಹಿಂಡಿ ಗಟ್ಟಿಮಾಡಿದ ಪದಾರ್ಥವೇ ತೋಫು. ಹಸುವಿನ ಹಾಲಿಗೆ ಪನೀರು ಹೇಗೋ ಸೋಯಾ ಹಾಲಿಗೆ ಇದು ಹಾಗೆ. ಚೀನ ದೇಶದಲ್ಲಿ ಇದು ಬಹು ಪ್ರಾಚೀನವಾದ ಆಹಾರ. ದಕ್ಷಿಣ ಚೀನದ ಹಕ್ಕಾ ಜನರು ತೋಫುವಿನ ತುಂಡುಗಳಲ್ಲಿ ಕುಳಿ ತೋಡಿ, ಕೊಚ್ಚಿದ ಮಾಂಸವನ್ನೋ ಮೀನನ್ನೋ ತುಂಬಿ ಬೇಯಿಸುವರು. ಅವರು ವಲಸೆ ಹೋದ ಮಲೇಶಿಯ, ಸಿಂಗಪುರಗಳಿಗೂ ಈ ಅಡಿಗೆ ಅವರೊಡನೆ ಹೋಯಿತು. ತುಂಬುವ ಅಡಿಗೆಯೇನೂ ನಮಗೆ ಹೊಸದಲ್ಲ. ಬದನೆಕಾಯಿಯ ಎಣ್ಣೆಗಾಯಿಯನ್ನು ಬಲ್ಲವರಿಗೆ, ಸಂಜೆಯ ಹೊತ್ತು ನಮ್ಮೂರ ಬೀದಿಗಳಲ್ಲಿ ಸೀಳಿ ಮಸಾಲೆ ತುಂಬಿದ ಮಿರ್ಚಿಯನ್ನು ತಿಂದವರಿಗೆ, ಇದರ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಪೂರ್ವದೇಶಗಳ ಬಿಸಿಸಾರುಗಳೂ ಕರ್ನಾಟಕಕ್ಕೆ ಅಪರಿಚಿತವಲ್ಲ: ೧೯೬೦ರ ದಶಕದಲ್ಲಿ ಬೈಲಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ನೆಲೆಸಿದ ಟಿಬೆಟಿನವರ ಥುಕ್ಪಾ ಎಂಬ ಶಾವಿಗೆಯ ಸಾರನ್ನು ಸವಿದ ವಾಚಕರು ಅನೇಕರಿರಬಹುದು. ಸೋಯಾ ಅವರೆಯನ್ನಂತೂ ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳ ರೈತರು ಬೆಳೆಯುತ್ತಲೇ ಇದ್ದಾರೆ. ಆದರೂ ಬಳ್ಳಾರಿಯಲ್ಲಿ ಸೋಯಾ ಎಂದರೆ ಪಲಾವಿಗೆ ಹಾಕುವ 'ಮೀಲ್ ಮೇಕರ್' ಉಂಡೆಗಳೆಂದೇ ಬಹು ಜನರ ಭಾವನೆ! ಅವು ಎಣ್ಣೆ ತೆಗೆದುಳಿದ ಸೋಯಾ ಹಿಟ್ಟಿನಿಂದ ಮಾಡಿದವು.

ಸೋಯಾ ಅವರೆಯ ನೂರು ಭಾಗದಲ್ಲಿ ಸುಮಾರು ೩೬ರಿಂದ ೪೦ ಭಾಗ ಪ್ರೋಟೀನು, ಎಂದರೆ ಸಸಾರಜನಕವಿದೆ. ತೊಗರಿಬೇಳೆಯಲ್ಲಿ ಇದರ ಪ್ರಮಾಣ ಸುಮಾರು ೨೨ ಭಾಗ ಮಾತ್ರ. ಇಷ್ಟು ಸಮೃದ್ಧವಾದ ಕಾಳನ್ನು ಹಸಿಯಾಗಿ ತಿನ್ನಿಸಿದರೆ ಪ್ರಾಣಿಗಳು ಸರಿಯಾಗಿ ಬೆಳೆಯವು ಎಂಬುದು ಒಂದು ಕಾಲಕ್ಕೆ ಒಗಟಾಗಿದ್ದಿತು. ೧೯೧೭ರಲ್ಲಿ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು, ಬೇಯಿಸಿದ ಸೋಯಾ ತಿಂದ ಇಲಿಗಳು ಚೆನ್ನಾಗಿ ಬೆಳೆಯುವುದನ್ನೂ ಹಸಿಯದನ್ನು ತಿಂದವು ಹಾಗೆ ಬೆಳೆಯದಿರುವುದನ್ನೂ ತೋರಿಸಿಕೊಟ್ಟರು. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವೊಂದಿದೆ. ಈ ಕಿಣ್ವದ ಕೆಲಸವನ್ನು ತಡೆಯುವ ವಸ್ತುವೊಂದು ಹಸಿ ಸೋಯಾದಲ್ಲಿದೆ. ೧೯೪೫ರಲ್ಲಿ ಕುನಿಟ್ಸ್ ಎಂಬವರು ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಈ ತಡೆವಸ್ತುವೂ ಒಂದು ಪ್ರೋಟೀನೇ. ಸಾಕಷ್ಟು ಶಾಖವನ್ನು ಸಾಕಷ್ಟು ಹೊತ್ತು ಕೊಟ್ಟರೆ ಅದರ ರಚನೆಯು ಕೆಟ್ಟು ಅದು ನಿರುಪದ್ರವಿಯಾಗುವುದು. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದೇ ನಮ್ಮ ಪ್ರಶ್ನೆ.

ಈಗ ಕೆಲಸಕ್ಕೆ ಬರೋಣ. ನಾಲ್ವರಿಗೆ ೨೫೦ ಗ್ರಾಂ ಸೋಯಾ ಅವರೆ ಸಾಕು. ಅದನ್ನು ತೊಳೆದು ನೀರಿನಲ್ಲಿ ನೆನೆಯಿಡಬೇಕು. ಚಳಿಗಾಲದಲ್ಲಿ ೧೦ ಗಂಟೆಗಳಾದರೂ ಬೇಕು. ನಮ್ಮ ಬೇಸಗೆಯಲ್ಲಿ ೬ ಗಂಟೆ ಧಾರಾಳ, ಅದಕ್ಕೆ ಮೀರಿದರೆ ನೀರು ಹುಳಿಯುವುದು. ನೆನೆದ ಕಾಳನ್ನು ಬಸಿದು, ಚೆನ್ನಾಗಿ ಬಿಸಿಯಾದ ನೀರಿನೊಡನೆ ನುಣ್ಣಗೆ ರುಬ್ಬಬೇಕು. ಬಿಸಿನೀರು ಏಕೆಂದರೆ, ಸೋಯಾದ ಹಸಿವಾಸನೆಯನ್ನು ಹುಟ್ಟಿಸುವ ಇನ್ನೊಂದು ಕಿಣ್ವವು ಕಾಳು ಒಡೆದೊಡನೆ ಕೆಲಸಕ್ಕೆ ತೊಡಗುವುದು. ಬಿಸಿಯಿದ್ದರೆ ಅದಕ್ಕೆ ಅವಕಾಶ ಸಿಕ್ಕದು. ಮಿಕ್ಸಿಯ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಒಳಗಿನ ಆವಿಯು ಮುಚ್ಚಳವನ್ನು ಎಸೆಯಬಲ್ಲುದು. ಒಟ್ಟು ೨ ಲೀಟರು ನೀರನ್ನು ಬಳಸಿ ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ ಹಿಂಡಿದರೆ ಹಾಲು ಸಿದ್ಧವಾಗುವುದು.

ಹಾಲಿಗಿಂತ ಇಮ್ಮಡಿ ದೊಡ್ಡದಾದ ಪಾತ್ರೆಯಲ್ಲಿ ಇದನ್ನು ಒಲೆಯ ಮೇಲಿಡಬೇಕು. ಸ್ವಲ್ಪ ಹೊತ್ತಿನಲ್ಲಿಯೇ ನೊರೆಯು ಭೋರೆಂದು ಮೇಲೇರುವುದು. ಪಾರ್ವತಿನಗರದ ನಮ್ಮ ಅಡಿಗೆಮನೆಯಲ್ಲಿ ಉಷ್ಣಮಾಪಕವನ್ನು ಇಳಿಬಿಟ್ಟು ನೋಡಿದಾಗ, ನೊರೆ ಅಂಚಿಗೆ ಬಂದ ಹೊತ್ತಿನಲ್ಲಿ ಹಾಲಿನ ಉಷ್ಣತೆ ೮೨ ಡಿಗ್ರಿ ಸೆಂಟಿಗ್ರೇಡ್ ಮಾತ್ರವಿದ್ದಿತು. ಅಡಿಗೆಗೆ ಪಾದರಸದ ಉಷ್ಣಮಾಪಕವನ್ನು ಎಂದಿಗೂ ಬಳಸಕೂಡದು; ಅದು ಒಡೆದರೆ ಪಾದರಸವು ಆಹಾರಕ್ಕೆ ಸೇರುವುದು. ಜ್ವರ ನೋಡುವ ಕಡ್ಡಿಯಂತೂ ಈ ಶಾಖವನ್ನು ತಾಳಲಾರದು. ಬಳ್ಳಾರಿಯು ಸಮುದ್ರಮಟ್ಟದಿಂದ ಸುಮಾರು ೪೮೦ ಮೀಟರು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ವಾಯುವಿನ ಒತ್ತಡ ಕಡಮೆಯಾಗುವುದರಿಂದ ಇಲ್ಲಿ ನೀರು ೧೦೦ಕ್ಕೆ ಬದಲಾಗಿ ಹೆಚ್ಚುಕಡಮೆ ೯೮½ ಡಿಗ್ರಿಯಲ್ಲಿ ಕುದಿಯುವುದು. ಹಾಗಾದರೆ ೮೨ರಲ್ಲಿ ಉಕ್ಕಿದುದು ಏನು? ಸೋಯಾದಲ್ಲಿ ಸೀಗೆ, ಅಂಟುವಾಳಗಳಲ್ಲಿರುವಂತಹ ನೊರೆ ಹುಟ್ಟಿಸುವ ಸಾಪೊನಿನ್ ಎಂಬ ವಸ್ತುಗಳಿವೆ. ಇವೂ ಪ್ರೋಟೀನೂ ಕೂಡಿ ಗುಳ್ಳೆಗಳ ಸುತ್ತ ಬಿಗಿಯಾದ ಪೊರೆಯನ್ನು ಕಟ್ಟುತ್ತವೆ. ತಳದಲ್ಲಿ ಬಿಡುಗಡೆಯಾದ ಗಾಳಿ, ಆವಿಗಳು ಹೊರಹೋಗಲಾರದೆ ಈ ಪೊರೆಗಳನ್ನು ಉಬ್ಬಿಸುವುವು. ದ್ರವವು ಕುದಿಯುವುದಕ್ಕೆ ಮೊದಲೇ ನೊರೆಯು ಉಕ್ಕುವುದು ಹೀಗೆ. ಈ ಘಟ್ಟದಲ್ಲಿ ತಡೆವಸ್ತುವಿನ ಬಹುಭಾಗವು ಹಾಗೆಯೇ ಉಳಿದಿರುತ್ತದೆ.

ಆದುದರಿಂದ ನೊರೆ ಏರಿದೊಡನೆ ಉರಿಯನ್ನು ತಗ್ಗಿಸಿ, ಸೌಟಿನಿಂದ ನೊರೆಯನ್ನು ತೆಗೆದು, ಕದಡುತ್ತ ಕಾಯಿಸಬೇಕು. ನೊರೆ ಅಡಗಿ, ಹಾಲು ನಡುವಿನಿಂದಲೇ ಕೊತಕೊತನೆ ಕುದಿಯತೊಡಗಿದ ಮೇಲೆ ಗಡಿಯಾರವನ್ನು ನೋಡಿ ೨೦ ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಪ್ರೆಷರ್ ಕುಕ್ಕರಿನಲ್ಲಿ ಬೇಗ ಮುಗಿಸೋಣವೆಂದು ಯಾರೂ ಯೋಚಿಸಬಾರದು. ನೊರೆಯು ಆವಿಯ ರಂಧ್ರವನ್ನು ಮುಚ್ಚಿದರೆ ಅಪಾಯ. ಪೂರ್ಣವಾಗಿ ಕುದಿಸುವುದರಿಂದ ಇನ್ನೊಂದು ಲಾಭವೂ ಉಂಟು. ಮುದುಡಿಕೊಂಡಿರುವ ಪ್ರೋಟೀನಿನ ಅಣುಗಳು ಬಿಚ್ಚಿಕೊಂಡರೆ ಮಾತ್ರ ಮುಂದೆ ಒಂದನ್ನೊಂದು ಹಿಡಿದು ಗಟ್ಟಿಯಾದ ಜಾಲವಾಗಬಲ್ಲವು. ಸೋಯಾದ ಒಂದು ಮುಖ್ಯ ಪ್ರೋಟೀನು ಬಿಚ್ಚಿಕೊಳ್ಳಲು ೯೦ ಡಿಗ್ರಿಗೂ ಮಿಕ್ಕ ಉಷ್ಣತೆ ಬೇಕು.

ಹಾಲು ಒಡೆಯುವುದು ವಿದ್ಯುತ್ತಿನ ವ್ಯವಹಾರ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಹಾಲಿನಲ್ಲಿ ತೇಲುವ ಪ್ರೋಟೀನಿನ ಕಣಗಳೆಲ್ಲವೂ ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂಡುತ್ತ ಬಿಡಿಬಿಡಿಯಾಗಿರುತ್ತವೆ. ನಿಂಬೆಯ ರಸದಲ್ಲಿರುವ ಆಮ್ಲದ ಧನ ಅಯಾನುಗಳು ಈ ವಿದ್ಯುದಂಶವನ್ನು ಅಳಿಸಿದೊಡನೆ ವಿಕರ್ಷಣೆ ತಪ್ಪಿ ಕಣಗಳು ಕೂಡಿಕೊಳ್ಳುವುವು. ಚೀನ, ಜಪಾನುಗಳಲ್ಲಿ ಜಿಪ್ಸಮ್ಮಿನ ಕ್ಯಾಲ್ಸಿಯಮ್ಮನ್ನೋ ಕಡಲುಪ್ಪಿನ ಕಹಿನೀರಿನ ಮೆಗ್ನೀಸಿಯಮ್ಮನ್ನೋ ಇದಕ್ಕೆ ಬಳಸುವರು. ಇವೆರಡರ ಅಯಾನುಗಳು ಇಮ್ಮಡಿ ಧನ ವಿದ್ಯುದಂಶವುಳ್ಳವಾದುದರಿಂದ ಬಹು ಪ್ರಬಲ. ಅಡಿಗೆ ಉಪ್ಪಿನ ಸೋಡಿಯಮ್ಮಿನಲ್ಲಿ ಇರುವುದು ಒಂದೇ, ಆದುದರಿಂದಲೇ ಒಂದು ಚಿಟಿಕೆ ಉಪ್ಪಿಗೆ ಸೋಯಾ ಹಾಲು ಒಡೆಯದು. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟರ್ ಪುಡಿಯನ್ನು ಜಿಪ್ಸಮ್ಮೆಂದು ತಂದು ಹಾಕುವ ಸಾಹಸ ಬೇಡ. ಮನೆಗೆ ನಿಂಬೆಯೇ ಯೋಗ್ಯ. ಒಲೆಯಿಂದಿಳಿಸಿದ ಹಾಲು ಸುಮಾರು ೮೦ ಡಿಗ್ರಿಗೆ ಇಳಿದಾಗ, ಎರಡು ಮೂರು ದೊಡ್ಡ ನಿಂಬೆಹಣ್ಣುಗಳ ರಸವನ್ನು ಒಂದು ಲೋಟ ನೀರಿನಲ್ಲಿ ಬೆರೆಸಿ, ಮೂರು ಸಲವಾಗಿ ಹಾಕಿ ಮೆಲ್ಲನೆ ಕದಡಬೇಕು. ಹತ್ತು ನಿಮಿಷದಲ್ಲಿ ಗರಣೆಗಳು ಬೇರೆಯಾಗಿ ತಿಳಿಹಳದಿಯ ನೀರು ನಿಲ್ಲುವುದು. ನೀರು ಇನ್ನೂ ಹಾಲಿನಂತಿದ್ದರೆ ಇನ್ನಷ್ಟು ರಸ ಬೇಕೆಂದು ತಿಳಿಯಬೇಕು.

ಗರಣೆಯನ್ನು ಬಟ್ಟೆಯಲ್ಲಿ ಬಸಿದು, ೧೨ ಸೆಂಟಿಮೀಟರು ಚೌಕದ ತೂತುಳ್ಳ ಡಬ್ಬಿಯಲ್ಲಿಟ್ಟು, ಮೇಲೆ ೩ ಲೀಟರು ನೀರು ತುಂಬಿದ ಪಾತ್ರೆಯನ್ನು ಹೇರಬೇಕು. ೧೪೪ ಚದರ ಸೆಂಟಿಮೀಟರಿನ ಮೇಲೆ ೩ ಕಿಲೋಗ್ರಾಂ, ಎಂದರೆ ಚದರ ಸೆಂಟಿಮೀಟರಿಗೆ ೨೧ ಗ್ರಾಂ. ಅರ್ಧ ಗಂಟೆಯಲ್ಲಿ ಸುಮಾರು ೩ ಸೆಂಟಿಮೀಟರು ದಪ್ಪದ ಹಲಗೆ ಸಿದ್ಧವಾಗುವುದು. ಇದನ್ನು ತಣ್ಣೀರಿನಲ್ಲಿ ಆರಿಸಿ, ೩ ಸೆಂಟಿಮೀಟರಿನ ೧೬ ಘನಗಳಾಗಿ ಕತ್ತರಿಸಿ, ಸಣ್ಣ ಚಮಚದಿಂದ ಪ್ರತಿಯೊಂದರಲ್ಲಿಯೂ ಕುಳಿ ತೋಡಬೇಕು. ಗೋಡೆಯು ಬೆರಳಿನ ಅರ್ಧ ದಪ್ಪವಾದರೂ ಉಳಿಯಲಿ.

ಹೂರಣಕ್ಕೆ ಗಜ್ಜರಿ, ಎಲೆಕೋಸು, ಬೀನ್ಸು, ಉಳ್ಳಾಗಡ್ಡಿಯ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಮೆಣಸಿನಪುಡಿ, ಸಿಕ್ಕಿದರೆ ಅಣಬೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಜೀವಕೋಶಗಳ ನೀರು ಉಪ್ಪಿನ ಸೆಳೆತಕ್ಕೆ ಹೊರಬರುವುದು. ಅದನ್ನು ಹಿಂಡಿ ತೆಗೆಯದಿದ್ದರೆ ಹೂರಣವು ಸಾರಿನಲ್ಲಿ ಕುಗ್ಗಿ ಕುಳಿಯಿಂದ ಕಳಚಿಕೊಳ್ಳುವುದು. ತೋಡಿ ತೆಗೆದ ತೋಫುವನ್ನೂ ಒಂದು ಚಮಚ ಅಕ್ಕಿಹಿಟ್ಟನ್ನೂ ಸೇರಿಸಿ ನಾದಿ ಒತ್ತಿ ತುಂಬಬೇಕು. ಸುಮಾರು ೭೦ ಡಿಗ್ರಿಯಲ್ಲಿ ಹಿಟ್ಟಿನ ಪಿಷ್ಟವು ನೀರು ಕುಡಿದು ಅಂಟಾಗಿ ಎಲ್ಲವನ್ನೂ ಹಿಡಿದಿಡುವುದು.

ಮೊದಲೇ ಕುದಿಯುತ್ತಿರುವ ಒಂದೂವರೆ ಲೀಟರು ತರಕಾರಿಯ ಸಾರಿನಲ್ಲಿ ಈ ತುಂಡುಗಳನ್ನು ಇಳಿಬಿಡುವಾಗ ಹಲವರು ಉರಿಯನ್ನು ಹೆಚ್ಚಿಸುವುದುಂಟು. ಮತ್ತೆ ಕುದಿ ಬಂದ ಮೇಲೆ ಇದು ವ್ಯರ್ಥ. ಕುದಿಯುವ ನೀರಿಗೆ ಎಷ್ಟು ಶಾಖ ಕೊಟ್ಟರೂ ಅದು ೯೮½ ಡಿಗ್ರಿಯನ್ನು ದಾಟದು. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುವುದು. ಒಂದು ಗ್ರಾಂ ನೀರನ್ನು ೩೦ ಡಿಗ್ರಿಯಿಂದ ಕುದಿಗೆ ತರಲು ೭೦ ಕ್ಯಾಲರಿ ಸಾಕು, ಅದನ್ನೇ ಆವಿಯಾಗಿಸಲು ಸುಮಾರು ೫೪೦ ಬೇಕು. ಅನಿಲ ವ್ಯಯವಾಗುವುದಲ್ಲದೆ, ಹೊರಳುವ ನೀರಿನ ಹೊಡೆತಕ್ಕೆ ತುಂಡುಗಳು ಒಡೆದು ಹೂರಣ ಚೆಲ್ಲುವುದು. ಒಳಗಿನ ಬೇವು ಉರಿಯನ್ನಲ್ಲ, ಕಾಲವನ್ನು ಅವಲಂಬಿಸಿದೆ. ಆ ಕಾಲವು ತುಂಡಿನ ಗಾತ್ರದ ವರ್ಗಕ್ಕೆ ಅನುಗುಣವಾಗಿದೆ. ತೋಫುವಿನ ಬಹುಭಾಗ ನೀರೇ ಆದುದರಿಂದ, ಶಾಖವು ನೀರಿನಲ್ಲಿ ಹರಡುವ ವೇಗವನ್ನು ಹಿಡಿದು ಲೆಕ್ಕಹಾಕಿದರೆ, ೩ ಸೆಂಟಿಮೀಟರು ಘನದ ನಡುಭಾಗವು ೩೦ರಿಂದ ೯೦ ಡಿಗ್ರಿಗೇರಲು ಸುಮಾರು ೧೦ ನಿಮಿಷ ಹಿಡಿಯುವುದು. ೨ ಸೆಂಟಿಮೀಟರಿನದಕ್ಕೆ ನಾಲ್ಕೂವರೆ ನಿಮಿಷ, ೪ರದಕ್ಕೆ ೧೮ ನಿಮಿಷ! ಗಾತ್ರವು ಇಮ್ಮಡಿಯಾದರೆ ಕಾಲವು ನಾಲ್ಮಡಿ. ಫ್ರಿಜ್ಜಿನಿಂದ ಈಗತಾನೆ ತೆಗೆದ ತುಂಡುಗಳಿಗೆ ಇನ್ನೂ ಒಂದೆರಡು ನಿಮಿಷ ಕೊಡಬೇಕು.

ಎಣ್ಣೆಯಲ್ಲಿ ಕರಿಯದೆ ಸಾರಿನಲ್ಲಿ ಬೇಯಿಸಿದುದರಿಂದ ಜಿಡ್ಡು ಮಿತವಾಗಿ, ತಲಾ ಸುಮಾರು ೧೪ ಗ್ರಾಂ ಪ್ರೋಟೀನು ತೋಫುವೊಂದರಿಂದಲೇ ದೊರೆಯುವುದು. ಆದರೆ ಸೋಯಾ ಸಾಸನ್ನು ಕೈಬಿಟ್ಟು ಸುರಿದರೆ ಆರೋಗ್ಯದ ಮಾತು ಸುಳ್ಳಾದೀತು. ಒಂದು ದೊಡ್ಡ ಚಮಚ ಸಾಸಿನಲ್ಲಿ ಎರಡು ಗ್ರಾಮಿಗೂ ಮಿಕ್ಕಿ ಉಪ್ಪಿರುತ್ತದೆ, ದಿನಕ್ಕೆ ೫ ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಣ್ಣ ಚಮಚ ಒಂದೆರಡು ಸಾಕು. ಉಳಿದ ರುಚಿಯನ್ನು ಶುಂಠಿ, ಮೆಣಸು, ಸೊಪ್ಪುಗಳಿಂದ ಪಡೆಯಬಹುದು. ಸೋಯಾ ಒಗ್ಗದವರು ಇದನ್ನು ಮುಟ್ಟಬಾರದು. ಥೈರಾಯಿಡ್ಡಿನ ಮಾತ್ರೆ ಸೇವಿಸುವವರು, ಸೋಯಾವು ಅದರ ಹೀರಿಕೆಯನ್ನು ತಗ್ಗಿಸಬಲ್ಲುದಾದುದರಿಂದ, ವೈದ್ಯರನ್ನು ಕೇಳಿ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಹಾಲು ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟವನ್ನು ಬಿಸಾಡಬೇಕಾಗಿಲ್ಲ. ಜೋಳದ ಅಥವಾ ಅಕ್ಕಿಯ ಹಿಟ್ಟಿನೊಡನೆ ಕಲಸಿ ರೊಟ್ಟಿ ತಟ್ಟಬಹುದು. ಅದು ಇನ್ನೂ ಹಸಿಯಾದುದೇ. ಆದುದರಿಂದ ಮೊದಲು ಚರಟವನ್ನು ನೀರಿನಲ್ಲಿ ೨೦ ನಿಮಿಷ ಕುದಿಸಿಕೊಂಡು, ಬಳಿಕ ಹಿಟ್ಟಿಗೆ ಸೇರಿಸಬೇಕು.