ಲ್ಯಾಂಬ್ಡಾ ಉಕ್ತಿಯಲ್ಲಿ ಸ್ಥಳೀಯ ಚರಾಕ್ಷರದ ಸ್ಥಾನ

ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರು 1930ರ ದಶಕದಲ್ಲಿ, ಫಂಕ್ಷನ್ನಿಗೆ ಹೆಸರಿಡದೆಯೇ ಅದನ್ನು ಬರೆಯುವ ಪದ್ಧತಿಯೊಂದನ್ನು ರೂಪಿಸಿ, ಗ್ರೀಕ್ ಅಕ್ಷರವಾದ ಲ್ಯಾಂಬ್ಡಾವನ್ನು ಅದರ ಸಂಕೇತವಾಗಿ ಬಳಸಿದರು. ಗಣಕಭಾಷೆಗಳಲ್ಲಿ ಹೆಸರಿಲ್ಲದ ಕಿರುಫಂಕ್ಷನ್ನನ್ನು ಲ್ಯಾಂಬ್ಡಾ ಉಕ್ತಿಯೆಂದು ಕರೆಯುವುದು ಇದರಿಂದಲೇ. ಜಾವಾ ಭಾಷೆಯಲ್ಲಿ ಇದು 2014ರಲ್ಲಿ, ಎಂಟನೆಯ ಆವೃತ್ತಿಯೊಡನೆ, ಬಳಕೆಗೆ ಬಂದಿತು.

ಲ್ಯಾಂಬ್ಡಾ ಉಕ್ತಿಯು ತನ್ನನ್ನು ಸುತ್ತುವರಿದ ಫಂಕ್ಷನ್ನಿನ ಸ್ಥಳೀಯ ಚರಾಕ್ಷರವನ್ನು ಬಳಸಿಕೊಳ್ಳಬಲ್ಲುದು. ‘ಮಿತಿ’ ಎಂಬ ಚರಾಕ್ಷರಕ್ಕೆ 35 ಎಂಬ ಬೆಲೆಯನ್ನಿತ್ತು, ಪಟ್ಟಿಯಲ್ಲಿ ಅದಕ್ಕೆ ಕಡಿಮೆಯಿಲ್ಲದ ಅಂಕಗಳನ್ನು ಆರಿಸುವ ಉಕ್ತಿಯೊಂದನ್ನು ಬರೆಯಬಹುದು. ಆದರೆ ಮುಂದಿನ ಸಾಲಿನಲ್ಲಿ ಮಿತಿಯನ್ನು 40 ಎಂದು ಬದಲಿಸಿದರೆ, ಜಾವಾದ ಕಂಪೈಲರ್ ಆ ಕ್ರಮವಿಧಿಯನ್ನು ತಿರಸ್ಕರಿಸುತ್ತದೆ.

ಈ ನಿರ್ಬಂಧಕ್ಕೆ ಕಾರಣವುಂಟು. ಸ್ಥಳೀಯ ಚರಾಕ್ಷರದ ಆಯುಸ್ಸು ಅದನ್ನು ಹೊಂದಿರುವ ಫಂಕ್ಷನ್ ಮುಗಿಯುವವರೆಗೆ ಮಾತ್ರ. ಲ್ಯಾಂಬ್ಡಾ ಉಕ್ತಿಯಾದರೋ ಅನಂತರವೂ, ಬೇರೊಂದು ಥ್ರೆಡ್ಡಿನಲ್ಲಿಯೂ ನಡೆಯಬಹುದು. ಆದುದರಿಂದ ಜಾವಾ ಆ ಬೆಲೆಯ ಪ್ರತಿಯೊಂದನ್ನು ಉಕ್ತಿಯೊಳಗೆ ಇರಿಸುತ್ತದೆ. ಮೂಲದಲ್ಲಿ 40, ಪ್ರತಿಯಲ್ಲಿ 35 ಎಂದಾದರೆ ಯಾವುದನ್ನು ನಂಬಬೇಕು? ಈ ಗೊಂದಲಕ್ಕೆ ಎಡೆಗೊಡದಿರಲೆಂದೇ, ಉಕ್ತಿಯು ಬಳಸುವ ಸ್ಥಳೀಯ ಚರಾಕ್ಷರಕ್ಕೆ ಒಮ್ಮೆ ಇತ್ತ ಬೆಲೆಯನ್ನು ಬದಲಿಸಬಾರದೆಂದು ನಿಯಮವಿದೆ.

ಪೈಥಾನ್ ಭಾಷೆಯ ಮಾರ್ಗ ಬೇರೆ. ಅಲ್ಲಿ ಉಕ್ತಿಯು ಹಿಡಿದಿಡುವುದು ಬೆಲೆಯನ್ನಲ್ಲ, ಚರಾಕ್ಷರವನ್ನೇ. ಚರಾಕ್ಷರವು 0, 1, 2 ಎಂಬ ಬೆಲೆಗಳನ್ನು ಕ್ರಮವಾಗಿ ಪಡೆಯುವ ಆವರ್ತನೆಯೊಂದರಲ್ಲಿ ಮೂರು ಲ್ಯಾಂಬ್ಡಾಗಳನ್ನು ರಚಿಸಿ, ಆವರ್ತನೆ ಮುಗಿದ ಮೇಲೆ ಅವುಗಳನ್ನು ಕರೆದರೆ, ಮೂರೂ 2 ಎಂದೇ ಉತ್ತರಿಸುತ್ತವೆ. ದೋಷದ ಸೂಚನೆ ಬಾರದು. ತಪ್ಪು ಮಾತ್ರ ಮೌನವಾಗಿ ಉಳಿಯುವುದು. ಗೋ ಭಾಷೆಯಲ್ಲಿಯೂ ಇಂತಹ ತೊಡಕೇ ಇದ್ದು, 2024ರ 1.22ನೆಯ ಆವೃತ್ತಿಯಿಂದ ಪ್ರತಿ ಸುತ್ತಿಗೂ ಹೊಸ ಚರಾಕ್ಷರವನ್ನು ಒದಗಿಸಿ ಅದನ್ನು ನಿವಾರಿಸಲಾಯಿತು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಜಾವಾದಲ್ಲಿ ಚರಾಕ್ಷರವು ಪಟ್ಟಿಯೊಂದನ್ನು ಸೂಚಿಸುತ್ತಿದ್ದರೆ, ಸ್ಥಿರವಾಗಿರುವುದು ಆ ಸೂಚನೆಯೇ ಹೊರತು ಪಟ್ಟಿಯೊಳಗಿನ ಅಂಶಗಳಲ್ಲ. ಕೆಲವರು ನಿಯಮವನ್ನು ತಪ್ಪಿಸಿಕೊಳ್ಳಲು ಒಂದೇ ಅಂಶದ ಅರೇಯಲ್ಲಿ ಎಣಿಕೆಯನ್ನು ಇಟ್ಟು, ಲ್ಯಾಂಬ್ಡಾದೊಳಗಿಂದ ಹೆಚ್ಚಿಸುತ್ತಾರೆ. ಕಂಪೈಲರ್ ಇದನ್ನು ಒಪ್ಪುತ್ತದೆ. ಆದರೆ ಎರಡು ಥ್ರೆಡ್ಡುಗಳು ಏಕಕಾಲದಲ್ಲಿ ಹಳೆಯ ಎಣಿಕೆಯನ್ನೇ ಓದಿ ಒಂದೊಂದು ಕೂಡಿಸಿದರೆ, ಎರಡು ಹೆಚ್ಚಬೇಕಾದಲ್ಲಿ ಒಂದೇ ಹೆಚ್ಚಬಹುದು. ಅಂತಹ ಎಡೆಯಲ್ಲಿ ಪಟ್ಟಿಯಿಂದಲೇ ಎಣಿಕೆಯನ್ನು ಫಲಿತವಾಗಿ ಪಡೆಯುವುದು ಲೇಸು.

ಕಂಪೈಲರಿನ ನಿಷೇಧವನ್ನು ವಿದ್ಯಾರ್ಥಿಯು ಅಡ್ಡಿಯೆಂದು ಭಾವಿಸುವುದು ಸಹಜ. ಆದರೆ ಉಕ್ತಿಯು ಹೊರುವುದು ಬೆಲೆಯನ್ನೋ ಚರಾಕ್ಷರವನ್ನೋ ಎಂಬುದನ್ನು ಅರಿತವನಿಗೆ, ಆ ನಿಷೇಧವು ಮುಂದೆ ಬರಲಿರುವ ತಪ್ಪನ್ನು ಮೊದಲೇ ತೋರಿಸುವ ಹಿತವಚನವಾಗಿ ಕಾಣುತ್ತದೆ.