ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರು ನಿಲ್ಲಬೇಕಾದರೆ



ಹದ ತಪ್ಪಿದರೆ ಒಂದು ಬೆಳೆ ಹೋಗುತ್ತದೆ. ತರಬೇತಾದ ಉಪಾಧ್ಯಾಯರಿಲ್ಲದಿದ್ದರೆ ಮಕ್ಕಳ ವರ್ಷವೇ ಹೋಗುತ್ತದೆ, ಅದಕ್ಕೆ ಮರುಬಿತ್ತನೆಯಿಲ್ಲ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಉಪಾಧ್ಯಾಯರ ವೇತನಶ್ರೇಣಿ ಪಟ್ಟಣಕ್ಕೂ ಹಳ್ಳಿಗೂ ಒಂದೇ. ವ್ಯತ್ಯಾಸವಿರುವುದು ಮನೆ ಬಾಡಿಗೆ ಭತ್ಯೆಯಲ್ಲಿ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಪರಿಷ್ಕರಣೆಯಂತೆ ಅದು ಬೆಂಗಳೂರಿನಲ್ಲಿ ಮೂಲವೇತನದ ಶೇಕಡ 20, ಹಳ್ಳಿಯಲ್ಲಿ ಶೇಕಡ 7.5. ಮೂಲವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ಅಲ್ಲಿ 8,000, ಇಲ್ಲಿ 3,000. ನಗರದಲ್ಲಿ ಬಾಡಿಗೆ ಹೆಚ್ಚು, ನಿಜ. ಆದರೆ ಹಳ್ಳಿಯಲ್ಲಿ ಮನೆ ಸಿಕ್ಕದ ಉಪಾಧ್ಯಾಯರು ಪಟ್ಟಣದಲ್ಲೇ ಬಾಡಿಗೆ ತೆತ್ತು, ಬಸ್ಸಿನ ಖರ್ಚನ್ನೂ ಹೊತ್ತು ದಿನವೂ ಓಡಾಡಬೇಕಾಗುತ್ತದೆ. ಅಂಥವರು ವರ್ಗಾವಣೆ ಬಯಸುವುದು ಸಹಜ. ಖಾಲಿ ಜಾಗಕ್ಕೆ ಬರುವ ಅತಿಥಿ ಶಿಕ್ಷಕರಿಗೆ ಗೌರವಧನ ಮಾತ್ರ. ಬೇರೆ ಕೆಲಸ ಸಿಕ್ಕರೆ ಅವರೂ ಹೊರಡುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 1ರಿಂದ 5ನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ 2, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4 ಉಪಾಧ್ಯಾಯರಿರಬೇಕು. ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು.

ಗ್ರಾಮಸ್ಥರು ಮಾಡಬೇಕಾದುದು:

1. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ದಾಖಲಾದ ಮಕ್ಕಳನ್ನೂ ಉಪಾಧ್ಯಾಯರನ್ನೂ ಲೆಕ್ಕ ಹಾಕಿರಿ.
2. ಕೊರತೆಯಿದ್ದರೆ ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಪ್ರತಿ ಇಟ್ಟುಕೊಳ್ಳಿರಿ.
3. ನೀರು, ಪಾಯಿಖಾನೆ ಇರುವ ಮನೆಯೊಂದನ್ನು ನ್ಯಾಯವಾದ ಬಾಡಿಗೆಗೆ ಉಪಾಧ್ಯಾಯರಿಗೆ ಕೊಡಿರಿ. ಜಾತಿ ಕೇಳಬೇಡಿರಿ.

ಸಂಬಳ ನಿಗದಿ ಮಾಡುವುದು ಸರ್ಕಾರದ ಕೆಲಸ. ಬಂದವರಿಗೆ ಊರಿನಲ್ಲಿ ಸೂರು ಒದಗಿಸುವ ಕೆಲಸವನ್ನು ಈ ವರ್ಷವೇ ನಾವು ಕೈಗೊಳ್ಳೋಣ.