ಎರಡನೆಯದಕ್ಕೆ ಅವಸರವೇಕೆ ಮಗಳೇ

ನಿನ್ನ ಕೂಸಿಗೆ ಏಳು ತಿಂಗಳು ತುಂಬುವಷ್ಟರಲ್ಲೇ ಮನೆಯಲ್ಲಿ ಎರಡನೆಯದರ ಮಾತು ಶುರುವಾಗಿದೆಯಂತೆ, ನಿಮ್ಮಮ್ಮ ಹೇಳಿದಳು. "ಇನ್ನೊಂದು ಬೇಗ ಆಗಿಬಿಡಲಿ, ಎರಡೂ ಒಟ್ಟಿಗೆ ಬೆಳೆದುಬಿಡ್ತವೆ" ಎಂಬ ಮಾತನ್ನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಕೇಳಿದ್ದೇನೆ. ಅತ್ತೆಯಂದಿರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೊರುವವಳು ನೀನು. ನಿರ್ಧಾರಕ್ಕೆ ಮೊದಲು ಈ ದೊಡ್ಡಮ್ಮನ ಮಾತನ್ನೂ ಕೇಳು.

ಒಂದು ಬಸಿರು, ಹೆರಿಗೆ ಮುಗಿಯುವಷ್ಟರಲ್ಲಿ ತಾಯಿಗೆ ಸುಮಾರು ಒಂದು ಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ, ಅದರಲ್ಲೂ ಬಹುಪಾಲು ಆ ದಿನದ ಖರ್ಚಿಗೇ ಹೋಗುತ್ತದೆ. ಕಳೆದುಕೊಂಡದ್ದು ಮರಳಿ ಕೂಡಲು ಎಷ್ಟು ಕಾಲ ಬೇಕೆಂದು ನೀನೇ ಲೆಕ್ಕ ಹಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನಿನಗಂತೂ ಸಿಸೇರಿಯನ್ ಆಗಿದೆ. ಹೊಟ್ಟೆಯ ಮೇಲಿನ ಗಾಯ ಮಾಯಿತೆಂದು ಒಳಗಿನ ಗಾಯವೂ ಮಾಯಿತೆಂದುಕೊಳ್ಳಬೇಡ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಒಂದೂವರೆ ವರ್ಷವೂ ಇಲ್ಲದಿದ್ದರೆ, ಮುಂದಿನ ಸಲ ನೋವು ಬಂದಾಗ ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯ ಹೆಚ್ಚು. ಹೆರಿಗೆಯಾದ ಮೇಲೆ ಕಡೇಪಕ್ಷ 24 ತಿಂಗಳು ಕಳೆದು ಮತ್ತೆ ಬಸಿರಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ. ಅಂದರೆ ಇಬ್ಬರು ಮಕ್ಕಳ ನಡುವೆ ಹತ್ತಿರ ಹತ್ತಿರ ಮೂರು ವರ್ಷ.

ಇಷ್ಟನ್ನು ಯಾವ ಆಶಾ ಕಾರ್ಯಕರ್ತೆಯಾದರೂ ಹೇಳುತ್ತಾಳೆ. ನಾನು ಹೇಳಬೇಕೆಂದಿರುವುದು ಇದಕ್ಕಿಂತ ಮುಂದಿನದು. ಈ ಅಂತರ ಹೆಂಗಸಿನ ಇಷ್ಟದಂತೆ ಆಗುವುದು ಕಡಿಮೆ. ಅವಳು ಹುಟ್ಟಿದ ಮನೆ, ಸೇರಿದ ಮನೆ ಅದನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಓದು ಬಿಡಿಸಿ ಹದಿನೇಳಕ್ಕೇ ಮದುವೆ ಮಾಡಿಕೊಟ್ಟ ಹುಡುಗಿಗೆ "ಈಗ ಬೇಡ" ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವವನಾದರೆ, ಮಾತ್ರೆಯ ನೆನಪು ಇಬ್ಬರಿಗೂ ಇರುವುದಿಲ್ಲ. ಮೊದಲ ಕೂಸು ತೀರಿಹೋದ ಮನೆಯಲ್ಲಿ ತಾಯಿಯ ಕಣ್ಣೀರು ಆರುವ ಮೊದಲೇ ಮತ್ತೆ ಬಸಿರು. ಇನ್ನು ಮೊದಲನೆಯದು ಹೆಣ್ಣಾದರೆ? ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯ ಅವಸರಕ್ಕೂ ಅದೇ ಕಾರಣವಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿಸು. ಬಾಯಿಗೆ ಬಂದ ಮೇಲೆ ಅದಕ್ಕೆ ಉತ್ತರ ಕೊಡಬಹುದು. ಗಂಡು ಬೇಕೆಂಬ ಹಂಬಲಕ್ಕೆ, ತೊಟ್ಟಿಲಲ್ಲಿರುವ ನಿನ್ನ ಮಗಳು ಎದೆಹಾಲನ್ನೂ ನಿನ್ನ ತೋಳನ್ನೂ ಬೇಗ ಬಿಟ್ಟುಕೊಡಬೇಕಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಅಂತರ ಕಡಿಮೆಯಾದರೆ ಎಲ್ಲ ಕಡೆಯೂ ಒಂದೇ ತೊಂದರೆಯೇ? ಸ್ವೀಡನ್ನಿನಲ್ಲಿ ಬಾರ್‌ಕ್ಲೇ ಮತ್ತು ಕೋಲ್ಕ್ ಎಂಬ ಸಂಶೋಧಕರು 2017ರಲ್ಲಿ ಒಂದೇ ಮನೆಯ ಅಣ್ಣತಮ್ಮ, ಅಕ್ಕತಂಗಿಯರನ್ನು ಹೋಲಿಸಿ ನೋಡಿದರು. ಶಾಲೆಯ ಅಂಕ, ಮುಂದಿನ ಓದು, ಸಂಪಾದನೆ ಇವುಗಳಲ್ಲಿ ಹುಟ್ಟಿನ ಅಂತರದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ಏಕೆಂದರೆ ಎಲ್ಲಕ್ಕೂ ಮನೆಯ ಸ್ಥಿತಿಯೇ ಮೂಲ ಎಂಬ ನನ್ನ ಮಾತಿಗೆ ಅದೇ ಆಧಾರ. ಅವರೇ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ 2019ರಲ್ಲಿ 77 ದೇಶಗಳ ಲೆಕ್ಕ ತೆಗೆದಾಗ ಚಿತ್ರ ಬೇರೆಯಾಯಿತು: ಅಂತರ ಮೂರು ವರ್ಷಕ್ಕಿಂತ ಕಡಿಮೆಯಾದಷ್ಟೂ ಹಸುಗೂಸು ಸಾಯುವ ಸಂಭವ ಏರುತ್ತದೆ, ಅದೂ ಶಿಶುಮರಣ ಹೆಚ್ಚಿರುವ ಕಡೆಗಳಲ್ಲೇ ಹೆಚ್ಚು. ಒಳ್ಳೆಯ ಊಟ, ಬಳಿಯಲ್ಲೇ ಆಸ್ಪತ್ರೆ, ಸಂಬಳದ ರಜೆ, ಮಗು ಎತ್ತಿಕೊಳ್ಳುವ ಅಪ್ಪ ಇರುವ ಕಡೆ ಅಂತರದ ಕೊರತೆಯನ್ನು ಮನೆಯೂ ಸರ್ಕಾರವೂ ತುಂಬಿಕೊಡುತ್ತವೆ. ಇವಾವೂ ಇಲ್ಲದ ಕಡೆ ತಾಯಿಯ ಮೈಯೇ ತುಂಬಬೇಕು. ಆದ್ದರಿಂದ ಪಕ್ಕದ ಮನೆಯವಳು ವರ್ಷಕ್ಕೊಂದು ಹೆತ್ತು ಗಟ್ಟಿಯಾಗಿದ್ದಾಳೆ ಎಂದು ಯಾರಾದರೂ ಹೇಳಿದರೆ ಅವಳ ಮನೆಯನ್ನೊಮ್ಮೆ ನೋಡು, ನಿನ್ನ ಮನೆಯನ್ನೂ ನೋಡು. ಬೆಳಗಿನ ಜಾವ ಕೂಸು ಅತ್ತರೆ ಏಳುವವರು ಯಾರು? ನಿನ್ನ ತಟ್ಟೆಗೆ ಸೊಪ್ಪು, ಮೊಟ್ಟೆ ಬೀಳುತ್ತಿದೆಯೋ, ಬಾಣಂತನದ ಪಥ್ಯ ಇನ್ನೂ ನಡೆದಿದೆಯೋ?

ಮೂವತ್ತೈದು ದಾಟಿದವಳಾಗಿದ್ದರೆ ಇಷ್ಟು ಕಾಯಿ ಎನ್ನುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಕಾಯುವುದಕ್ಕೂ ಬೆಲೆಯಿದೆ, ವೈದ್ಯರ ಜೊತೆ ಕೂತು ಮಾತಾಡಬೇಕು. ನಿನಗಿನ್ನೂ ಇಪ್ಪತ್ತಾರು.

ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ ಎಂದು ನೆಚ್ಚಿಕೊಂಡು ಕೂರಬೇಡ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲೇ ಆಹಾರವಾಗಿರಬೇಕು, ಮುಟ್ಟು ಬಂದಿರಬಾರದು. ಮೂರೂ ಕೂಡಿದಾಗ ಮಾತ್ರ ಎದೆಹಾಲು ಬಸಿರನ್ನು ತಡೆಯುತ್ತದೆ. ನಿನ್ನ ಮಗಳು ರಾಗಿ ಸರಿ ತಿನ್ನಲು ಶುರುಮಾಡಿದ್ದಾಳೆ. ಆದ್ದರಿಂದ ಬಸಿರು ತಡೆಯಲು ಬೇರೆ ದಾರಿ ಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅವೆಲ್ಲವೂ ಉಚಿತ. ವಂಕಿ (ಕಾಪರ್-ಟಿ) ಹಾಕಿಸಿಕೊಂಡರೆ ಬಗೆಗೆ ತಕ್ಕಂತೆ ಐದೋ ಹತ್ತೋ ವರ್ಷ ನಡೆಯುತ್ತದೆ, ಬೇಕೆಂದಾಗ ತೆಗೆಸಬಹುದು. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಮುಟ್ಟು ಏರುಪೇರಾಗುತ್ತದೆ, ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ ಎಂಬುದನ್ನು ಮೊದಲೇ ತಿಳಿದಿರು. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇದೆಲ್ಲ ಈಗಿನ ಕಾಲದವರ ಹುಚ್ಚು ಎನ್ನುವವರಿಗೆ, 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತೆಂದು ಹೇಳು.

ಅತ್ತೆಯವರ ಜೊತೆ ನೀನು ವಾದಕ್ಕೆ ನಿಲ್ಲಬೇಡ. ಅವರ ಕಾಲದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಎಷ್ಟು ಹೆರಿಗೆಯಾಯಿತು, ಎಷ್ಟು ಉಳಿದವು ಎಂದು ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳು. ಇಬ್ಬರ ನಡುವೆ ಮೂರು ವರ್ಷ ಇರಲಿ ಎಂಬ ಮಾತನ್ನು ಅವರಿಗೆ ಹೇಳಬೇಕಾದವರು ಅಳಿಯಂದಿರು. ಮಗನ ಬಾಯಿಂದ ಬಂದರೆ ಅದು ಮನೆಯ ತೀರ್ಮಾನವಾಗುತ್ತದೆ, ನಿನ್ನ ಬಾಯಿಂದ ಬಂದರೆ ಸೊಸೆಯ ಹಟವೆನಿಸಿಕೊಳ್ಳುತ್ತದೆ. ಇದು ನ್ಯಾಯವಲ್ಲ, ಆದರೆ ಇವತ್ತಿಗೆ ಹಾಗಿದೆ. ಕೂಸಿಗೆ ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಲು ಹೋಗುವಾಗ ತಾಯಿ ಕಾರ್ಡಿನ ಜೊತೆ ಅಳಿಯಂದಿರನ್ನೂ ಕರೆದುಕೊಂಡು ಹೋಗು. ಅಲ್ಲಿಯತನಕ ನಿರೋಧ್ ಬಳಸುವುದು ಅವರ ಪಾಲಿನ ಕೆಲಸ. ಹೇಳಲು ನಿನಗೆ ಸಂಕೋಚವಾದರೆ ಫೋನನ್ನು ಅವರ ಕೈಗೆ ಕೊಡು, ನಾನೇ ಮಾತಾಡುತ್ತೇನೆ.